ಬೈಕಿಗೆ ಮೂರು ಕಣ್ಣು, ಬ್ಯಾಟರಿಗೆ ಮೂರು ನಾಮ

ರಾತ್ರಿ ಎಂಟೂವರೆ ಗಂಟೆ. ಸಾರಕ್ಕಿ ಸಿಗ್ನಲ್. ಕನಕಪುರ ರಸ್ತೆ ಕಡೆಯಿಂದ ಒಂದು ಬೈಕು ಬಂದು ನಿಲ್ಲುತ್ತದೆ. ನಡುವೆ ಕಂಪನಿಯವರು ಕೊಟ್ಟ ಹೆಡ್‌ಲೈಟು. ಅದರ ಎಡಕ್ಕೊಂದು, ಬಲಕ್ಕೊಂದು ಮುಷ್ಟಿ ಗಾತ್ರದ ಬಿಳಿ ದೀಪ. ಸಾಕ್ಷಾತ್ ಮುಕ್ಕಣ್ಣ! ಕೈಲಾಸದ ಮುಕ್ಕಣ್ಣ ಮೂರನೇ ಕಣ್ಣು ಬಿಡುವುದು ಯಾವಾಗಲೋ ಒಮ್ಮೆ, ಅದೂ ಸಕಾರಣವಾಗಿ. ಸಾರಕ್ಕಿಯ ಮುಕ್ಕಣ್ಣ ಮೂರನ್ನೂ ಬಿಟ್ಟುಕೊಂಡೇ ಊರೆಲ್ಲ ಸುತ್ತುತ್ತಾನೆ.

ಮುಂದೆ ನಿಂತ ಸ್ಕೂಟರಿನ ಎರಡೂ ಕನ್ನಡಿಗಳಲ್ಲಿ ಸೂರ್ಯೋದಯವಾಗುತ್ತದೆ. ಸ್ಕೂಟರಿನ ಹಿರಿಯರು ಕನ್ನಡಕದ ಮೇಲೆ ಕೈ ಅಡ್ಡ ಹಿಡಿದು ಹಿಂತಿರುಗುತ್ತಾರೆ.

"ಸ್ವಲ್ಪ ಲೈಟ್ ಇಳಿಸಪ್ಪಾ, ಕಣ್ಣು ಬಿಡೋಕಾಗ್ತಿಲ್ಲ."

"ಇದು ಇಳಿಯಲ್ಲ ಅಂಕಲ್, ಡೈರೆಕ್ಟ್ ಕನೆಕ್ಷನ್ನು."

ಸಿಗ್ನಲ್ಲು ಮೂರು ನಿಮಿಷದ್ದು. ಪೆಟ್ರೋಲ್ ಉಳಿಯಲಿ ಅಂತ ಹುಡುಗ ಇಂಜಿನ್ ಆಫ್ ಮಾಡುತ್ತಾನೆ. ದೀಪಗಳು ಮಾತ್ರ ಉರಿಯುತ್ತಲೇ ಇರುತ್ತವೆ. ಹಸಿರು ಬಂತು. ಬಟನ್ ಒತ್ತಿದರೆ ಟಕ್, ಟಕ್, ಟಕ್. ಮೀಟರ್ ಮಂಕು. ಹಿಂದಿನಿಂದ ಹಾರ್ನುಗಳ ಮೇಳ. ಕೊನೆಗೆ ಗಾಡಿಯನ್ನು ಪಕ್ಕಕ್ಕೆ ತಳ್ಳಲು ಕೈ ಹಾಕುವವರು ಅದೇ ಸ್ಕೂಟರಿನ ಹಿರಿಯರು!

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ರಸ್ತೆಗಳಲ್ಲಿ ಇಂಥ ಮುಕ್ಕಣ್ಣರು ದಿನೇ ದಿನೇ ಹೆಚ್ಚುತ್ತಿದ್ದಾರೆ. ಇವರನ್ನು ಕಂಡ ಕೂಡಲೇ "ಶೋಕಿ ಹುಡುಗರು" ಅಂತ ಬೈದು ಕೈತೊಳೆದುಕೊಳ್ಳುವುದು ಸುಲಭ. ಶೋಕಿ ಇಲ್ಲ ಅಂತಲ್ಲ, ಇದೆ. ಆದರೆ ಎಲ್ಲರದೂ ಶೋಕಿಯಲ್ಲ.

ಕತ್ತಲಿಗೆ ಕೊಟ್ಟ ದುಡ್ಡು

ಕೋಣನಕುಂಟೆ ಕ್ರಾಸ್ ದಾಟಿ ತಲಘಟ್ಟಪುರದ ಕಡೆಗೋ, ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆಯ ಆಚೆಗೋ ರಾತ್ರಿ ಹತ್ತರ ಮೇಲೆ ಒಂದು ಸಲ ಗಾಡಿ ಓಡಿಸಿ ನೋಡಲಿ. ಎರಡು ಕಂಬ ಉರಿದರೆ ಮೂರನೆಯದು ಸತ್ತಿರುತ್ತದೆ. ಅದರ ಬುಡದಲ್ಲೇ ಯಾರೋ ಅಗೆದು ಬಿಟ್ಟ ಗುಂಡಿ. ಪಕ್ಕದಲ್ಲಿ ಸುರಿದ ಜಲ್ಲಿ. ರಾತ್ರಿ ಊಟದ ಪೊಟ್ಟಣ ಹೊತ್ತು ಬಿಟಿಎಂ ಎರಡನೇ ಹಂತದಿಂದ ಅಪಾರ್ಟ್‌ಮೆಂಟಿಂದ ಅಪಾರ್ಟ್‌ಮೆಂಟಿಗೆ ಓಡುವ ಹುಡುಗನಿಗೆ ಗುಂಡಿ ಕಾಣದಿದ್ದರೆ ಹೋಗುವುದು ಅವನ ಮಂಡಿ, ಅವನ ಒಂದು ತಿಂಗಳ ಸಂಪಾದನೆ. ಅವನು ಒಂದೂವರೆ ಸಾವಿರ ರೂಪಾಯಿ ಕೊಟ್ಟು ಎರಡು ದೀಪ ಹಾಕಿಸಿಕೊಂಡರೆ ಅದನ್ನು ಶೋಕಿ ಅನ್ನಲು ಮನಸ್ಸು ಬರುವುದಿಲ್ಲ. ಬೀದಿದೀಪಕ್ಕೆ ಊರು ಕೊಡಬೇಕಾದ ದುಡ್ಡನ್ನು ಅವನು ತನ್ನ ಜೇಬಿನಿಂದ ಕೊಟ್ಟಿದ್ದಾನೆ, ಅಷ್ಟೆ.

ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಹತ್ತಿದ ಊರು ಅಂತ ಬೆಂಗಳೂರಿಗೆ ಹೆಮ್ಮೆ. 1905ರ ಆಗಸ್ಟ್ 5ರಂದು ಸಿಟಿ ಮಾರ್ಕೆಟ್ಟಿನಲ್ಲಿ ಶಿವನಸಮುದ್ರದ ಕರೆಂಟಿನಿಂದ ದೀಪ ಹತ್ತಿತು. ಒಂದು ಶತಮಾನ ದಾಟಿದ ಮೇಲೆ ಅದೇ ಊರಿನ ಮನುಷ್ಯ ದೀಪವನ್ನು ಹ್ಯಾಂಡಲ್‌ಬಾರಿಗೆ ಕಟ್ಟಿಕೊಂಡು ತಿರುಗಬೇಕಾಗಿದೆ. ಬಿಬಿಎಂಪಿ ಕಾಲದಲ್ಲಿ ಊರಿನ ಬೀದಿದೀಪಗಳನ್ನೆಲ್ಲ ಎಲ್‌ಇಡಿ ಮಾಡುತ್ತೇವೆ ಅಂತ ದೊಡ್ಡ ಗುತ್ತಿಗೆಯೊಂದು ಸದ್ದು ಮಾಡಿ ಮುರಿದುಬಿದ್ದದ್ದು ಜನ ಮರೆತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರಪಾಲಿಕೆಗಳಾದವು. ಬೋರ್ಡುಗಳು ಬದಲಾದವು. ಕಂಬದ ಬಲ್ಬು ಬದಲಾಗಿದೆಯೇ ಅಂತ ಆಯಾ ಬೀದಿಯವರೇ ಹೇಳಬೇಕು.

ಹೀಗಾಗಿ ಬೈಕಿಗೆ ಹೆಚ್ಚಿನ ದೀಪ ಬೇಕು ಅನ್ನುವುದರಲ್ಲಿ ತಕರಾರಿಲ್ಲ. ಆ ದೀಪಕ್ಕೆ ಕರೆಂಟು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಅನ್ನುವುದನ್ನು ಹಾಕಿಸಿಕೊಳ್ಳುವವನೂ ಕೇಳುವುದಿಲ್ಲ, ಹಾಕುವವನೂ ಹೇಳುವುದಿಲ್ಲ, ಗಾಡಿ ಮಾರಿದ ಕಂಪನಿಯಂತೂ ಬಾಯಿಯೇ ಬಿಡುವುದಿಲ್ಲ. ತಕರಾರು ಇರುವುದು ಅಲ್ಲಿ.

ಸಂಪಿನ ಲೆಕ್ಕ

"ಕರೆಂಟು ಬ್ಯಾಟರಿಯಿಂದ ಬರುತ್ತೆ" ಅನ್ನುವುದು ಹುಡುಗರ ನಂಬಿಕೆ. ಜಯನಗರದಲ್ಲಿ ಮನೆ ಮಾಡಿದವರಿಗೆ ಇದರ ತಪ್ಪು ಬೇಗ ಅರ್ಥವಾಗಬೇಕು. ಮನೆಯ ನೀರು ಸಂಪಿನಿಂದ ಬರುತ್ತದೆ ಅಂದ ಹಾಗಾಯಿತು ಇದು. ಸಂಪಿಗೆ ಕಾವೇರಿ ಲೈನಿನಿಂದ ನೀರು ಬಿದ್ದರೆ ತಾನೆ ಸಂಪಿನಲ್ಲಿ ನೀರು? ಬೈಕಿನ ಬ್ಯಾಟರಿ ಬರೀ ಸಂಪು. ಕಾವೇರಿ ಲೈನು ಅಂದರೆ ಇಂಜಿನ್ನಿನ ಪಕ್ಕದಲ್ಲಿ ಮುಚ್ಚಿಕೊಂಡು ಕೂತಿರುವ ಮ್ಯಾಗ್ನೆಟೋ.

ತಾಮ್ರದ ತಂತಿ ಸುತ್ತಿದ ಕಾಯಿಲ್ ಒಂದು ಕಡೆ ಅಲ್ಲಾಡದೆ ಕೂತಿರುತ್ತದೆ. ಅದರ ಸುತ್ತ ಅಯಸ್ಕಾಂತ ಅಂಟಿಸಿದ ಚಕ್ರ ಇಂಜಿನ್ ಜೊತೆ ತಿರುಗುತ್ತದೆ. ತಿರುಗಿದಷ್ಟು ಕರೆಂಟು ಹುಟ್ಟುತ್ತದೆ. ಅದು ಮನೆ ಕರೆಂಟಿನ ಹಾಗೆ ಎ.ಸಿ. ಅದನ್ನು ಡಿ.ಸಿ. ಮಾಡಿ, 14 ವೋಲ್ಟಿನ ಆಸುಪಾಸಿಗೆ ಕಟ್ಟಿಹಾಕಿ ಬ್ಯಾಟರಿಗೆ ಕಳಿಸುವ ಡಬ್ಬಿಗೆ ಮೆಕ್ಯಾನಿಕ್‌ಗಳು ಆರ್.ಆರ್. ಯೂನಿಟ್ ಅನ್ನುತ್ತಾರೆ. ಅದರ ಬೆನ್ನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿರುವುದನ್ನು ನೋಡಿರಬಹುದು. ಬಹುಪಾಲು ಬೈಕುಗಳಲ್ಲಿ ಮ್ಯಾಗ್ನೆಟೋ ಕೇಳಿದಷ್ಟೇ ಕೊಡುವ ಯಂತ್ರವಲ್ಲ. ಬೇಕಾದರೂ ಬೇಡವಾದರೂ ಹುಟ್ಟಿಸುತ್ತಲೇ ಇರುತ್ತದೆ. ಮಿಕ್ಕಿದ್ದನ್ನು ಈ ಡಬ್ಬಿ ಬ್ಯಾಟರಿಗೆ ಬಿಡದೆ ಹಿಂದಕ್ಕೆ ತಿರುಗಿಸಿ ಶಾಖವಾಗಿ ಕಳೆದುಬಿಡುತ್ತದೆ. ಓವರ್‌ಹೆಡ್ ಟ್ಯಾಂಕು ತುಂಬಿದ ಮೇಲೆ ಪೈಪಿನಿಂದ ಚರಂಡಿಗೆ ಸುರಿಯುತ್ತದಲ್ಲ, ಹಾಗೆ.

ಚರಂಡಿಗೆ ಹೋಗುವ ಆ ನೀರನ್ನು ಹಿಡಿದುಕೊಂಡರೆ ಯಾರಿಗೂ ನಷ್ಟವಿಲ್ಲ. ಹೆಚ್ಚಿನ ದೀಪಕ್ಕೆ ಸಿಗುವ ನ್ಯಾಯವಾದ ಪಾಲು ಅದೊಂದೇ. ಅದನ್ನು ಮೀರಿದ ಪ್ರತಿ ವಾಟೂ ಸಂಪಿನಿಂದ ಕದ್ದದ್ದು.

ಕಾವೇರಿ ಲೈನಿನಲ್ಲಿ ಪ್ರೆಷರ್ ಇಲ್ಲದ ದಿನಗಳು ಇರುವ ಹಾಗೆ ಮ್ಯಾಗ್ನೆಟೋಗೂ ಇದೆ. ಇಂಜಿನ್ ಜೋರಾಗಿ ಓಡಿದಾಗ ಧಾರೆ, ಸಿಗ್ನಲ್ಲಿನಲ್ಲಿ ಸ್ಲೋನಲ್ಲಿ ನಿಂತಾಗ ಹನಿ ಹನಿ. ನೈಸ್ ರಸ್ತೆಯಲ್ಲಿ ಸರಿಹೋಗುವ ಲೆಕ್ಕ ಔಟರ್ ರಿಂಗ್ ರೋಡಿನಲ್ಲಿ ಕೈಕೊಡುವುದು ಇದಕ್ಕೇ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡವು, ಗಾಡಿಯಿಂದ ಗಾಡಿಗೆ ಬೇರೆಯಾಗುತ್ತವೆ. ಓಡುವಾಗ 180 ವಾಟ್ ಕೊಡುವ ಮ್ಯಾಗ್ನೆಟೋ ನಿಂತಾಗ 100 ಕೊಡುತ್ತದೆ ಅನ್ನಿ. ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬಿಗೆ 55. ಪೆಟ್ರೋಲ್ ಪಂಪು, ಇಂಜೆಕ್ಷನ್, ಕಿಡಿ ಎಲ್ಲಕ್ಕೂ ಸೇರಿ 45. ಹಿಂದಿನ ದೀಪ, ಮೀಟರು ಹತ್ತು. ಅಲ್ಲಿಗೆ 110. ಸಿಗ್ನಲ್ಲಿನಲ್ಲಿ ಬ್ರೇಕ್ ತುಳಿದು ನಿಂತರೆ ಬ್ರೇಕ್ ಲೈಟಿನ ಬಲ್ಬು 21. ಒಟ್ಟು 131. ಹುಟ್ಟುವಳಿ ನೂರು, ಖರ್ಚು ನೂರಾ ಮೂವತ್ತೊಂದು! ಹೆಚ್ಚಿನ ದೀಪ ಹಾಕುವ ಮೊದಲೇ ಸಂಸಾರ ಸಾಲದಲ್ಲಿದೆ. ಅದರ ಮೇಲೆ 40 ವಾಟಿನ ಜೋಡಿ ದೀಪ ಹತ್ತಿಸಿದರೆ ಕೊರತೆ 71 ವಾಟ್, ಅಂದರೆ ಸುಮಾರು 6 ಆಂಪಿಯರ್. ಮೂರು ನಿಮಿಷದ ಸಿಗ್ನಲ್ಲಿಗೆ 0.3 ಆಂಪಿಯರ್-ಅವರ್ ಬ್ಯಾಟರಿಯಿಂದ ಹೋಯಿತು. ಬನಶಂಕರಿಯಿಂದ ಹೊರಟು ಸಾರಕ್ಕಿ, ಡೆಲ್ಮಿಯಾ, ಉಡುಪಿ ಗಾರ್ಡನ್, ಸಿಲ್ಕ್ ಬೋರ್ಡ್ ಅಂತ ಹೋಗಿ ಬರುವಷ್ಟರಲ್ಲಿ ಇಂಥ ಹತ್ತು ನಿಲುಗಡೆ ಆದರೆ 3. ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 8! ಮಧ್ಯೆ ಓಡುವಾಗ ಒಂದಿಷ್ಟು ತುಂಬುತ್ತದೆ ನಿಜ. ಆದರೆ ಸಂಜೆ ಏಳು ಗಂಟೆಗೆ ಆ ರಸ್ತೆಯಲ್ಲಿ ಗಾಡಿ ಓಡುವುದೆಲ್ಲಿ ಬಂತು, ತೆವಳುವುದು.

ಸೀಸದ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿದರೆ ಅದರ ಆಯಸ್ಸು ಮುಗಿಯುತ್ತ ಬರುತ್ತದೆ. "ಹೊಸ ಬ್ಯಾಟರಿ ಸಾರ್, ಆರು ತಿಂಗಳಿಗೇ ಹೋಯ್ತು, ಕಂಪನಿ ಸರಿಯಿಲ್ಲ" ಅನ್ನುವವರ ಗಾಡಿಯ ಮುಂಭಾಗವನ್ನು ಒಮ್ಮೆ ನೋಡಬೇಕು.

ಬುಲೆಟ್ಟಿನ ಮುಳ್ಳು

ಹಳೆ ಕಾಲದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಬುಲೆಟ್ಟಿನ ಹೆಡ್‌ಲೈಟಿನ ಮೇಲೆ ಒಂದು ಪುಟ್ಟ ಆಂಪಿಯರ್ ಮೀಟರ್ ಇರುತ್ತಿತ್ತು. ಮುಳ್ಳು ಮಧ್ಯದಿಂದ ಪ್ಲಸ್ ಕಡೆ ಹೋದರೆ ಬ್ಯಾಟರಿ ತುಂಬುತ್ತಿದೆ, ಮೈನಸ್ ಕಡೆ ಹೋದರೆ ಖಾಲಿಯಾಗುತ್ತಿದೆ. ಹೆಡ್‌ಲೈಟ್ ಹತ್ತಿಸಿ ಸ್ಲೋನಲ್ಲಿ ನಿಲ್ಲಿಸಿದರೆ ಮುಳ್ಳು ಮೈನಸ್ಸಿಗೆ ವಾಲುವುದು ಎದುರಿಗೇ ಕಾಣುತ್ತಿತ್ತು. ಸವಾರ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಮುಳ್ಳನ್ನು ಮೇಲಕ್ಕೆ ತರುತ್ತಿದ್ದ. ಓದು ಬರಹ ಬಾರದವನಿಗೂ ಗಾಡಿಯ ಜಮಾಖರ್ಚು ಗೊತ್ತಾಗುತ್ತಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾಗಳಿಗೆ ಆರು ವೋಲ್ಟಿನ ಬ್ಯಾಟರಿ. ಅದರ ಹೆಡ್‌ಲೈಟು ರಸ್ತೆ ತೋರಿಸುತ್ತಿದ್ದುದಕ್ಕಿಂತ ಗಾಡಿ ಬರುತ್ತಿದೆ ಅಂತ ತೋರಿಸುತ್ತಿದ್ದುದೇ ಹೆಚ್ಚು. ಆಮೇಲೆ ಬಂದ ಎಷ್ಟೋ ಸ್ಕೂಟರು, ನೂರು ಸಿಸಿ ಬೈಕುಗಳ ಹೆಡ್‌ಲೈಟು ಬ್ಯಾಟರಿಯ ಗೊಡವೆಗೇ ಹೋಗದೆ ಮ್ಯಾಗ್ನೆಟೋದ ಎ.ಸಿ.ಯಿಂದ ನೇರವಾಗಿ ಉರಿಯುತ್ತಿತ್ತು. ಆಕ್ಸಿಲರೇಟರ್ ತಿರುಗಿಸಿದರೆ ಬೆಳಕು, ಬಿಟ್ಟರೆ ಮಿಣುಕು. ಈಗಲೂ ಅಂಥ ಗಾಡಿಗಳು ಬೇಕಾದಷ್ಟು ಓಡಾಡುತ್ತಿವೆ. ಅವಕ್ಕೆ ಜೋಡಿ ದೀಪ ಹಾಕಿಸಲು ಹೋದವನಿಗೆ "ಡಿಸಿ ಕನ್ವರ್ಷನ್ ಮಾಡ್ಬೇಕು ಗುರೂ" ಅನ್ನುತ್ತಾರೆ. ಕಾಯಿಲಿನ ಒಂದು ತುದಿ ಬಾಡಿಗೆ ಅರ್ಥ್ ಆಗಿರುತ್ತದೆ. ಅದನ್ನು ಬಿಡಿಸಿ ಎರಡೂ ತುದಿಯನ್ನು ಹೊಸ ಆರ್.ಆರ್. ಯೂನಿಟ್ಟಿಗೆ ಕೊಟ್ಟು ಪೂರ್ತಿ ಕರೆಂಟನ್ನು ಬ್ಯಾಟರಿಗೆ ಹರಿಸುವ ಕೆಲಸ. ಗೊತ್ತಿದ್ದವನು ಮಾಡಿದರೆ ಚೊಕ್ಕ ಕೆಲಸ. ಆದರೆ ಕಾಯಿಲ್ ಚಿಕ್ಕದಾದರೆ ಪವಾಡವೇನೂ ನಡೆಯುವುದಿಲ್ಲ. ಬಿಂದಿಗೆಯ ನೀರನ್ನು ಕೊಡದಲ್ಲಿ ಸುರಿದ ಮಾತ್ರಕ್ಕೆ ಕೊಡ ತುಂಬೀತೇ?

ಈಗಿನ ಗಾಡಿಗಳಲ್ಲಿ ಬುಲೆಟ್ಟಿನ ಮುಳ್ಳು ಹೋಗಿದೆ. ಮೊಬೈಲಿಗೆ ಕನೆಕ್ಟ್ ಆಗುವ ಬಣ್ಣದ ಪರದೆ ಬಂದಿದೆ. ಯಾರ ಫೋನ್ ಬರುತ್ತಿದೆ ಅಂತ ಹೇಳುತ್ತದೆ, ಎಡಕ್ಕೆ ತಿರುಗು ಬಲಕ್ಕೆ ತಿರುಗು ಅನ್ನುತ್ತದೆ. ಬ್ಯಾಟರಿ ತುಂಬುತ್ತಿದೆಯೋ ಸೋರುತ್ತಿದೆಯೋ ಅನ್ನುವುದನ್ನು ಬಹಳಷ್ಟು ಗಾಡಿಗಳ ಪರದೆ ಹೇಳುವುದಿಲ್ಲ. ಖರ್ಚು ಮಾತ್ರ ಏರುತ್ತಲೇ ಹೋಗಿದೆ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲೂ ಉರಿಯಲೇಬೇಕು ಅಂತಾಯಿತು; ಆರಿಸುವ ಸ್ವಿಚ್ಚೇ ಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕುಗಳ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು, ಅದಕ್ಕೊಂದು ವಿದ್ಯುತ್ ಪಂಪು. ಎಬಿಎಸ್ ಇದೆ. ಮೊಬೈಲ್ ಚಾರ್ಜರ್ ಇದೆ. ಎಲ್ಲರೂ ಅದೇ ಸಂಪಿಗೆ ನಲ್ಲಿ ಹಾಕಿದವರೇ. ಕಿಕ್ಕರ್ ಅಂತೂ ಬಹಳಷ್ಟು ಹೊಸ ಗಾಡಿಗಳಿಗೆ ಇಲ್ಲವೇ ಇಲ್ಲ. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಪೆಟ್ರೋಲ್ ಎತ್ತುವ ಪಂಪಿಗೇ ಕರೆಂಟಿಲ್ಲ.

ಡಬ್ಬಿಯ ಮೇಲಿನ ಸುಳ್ಳು

ಇನ್ನು ಅಂಗಡಿ ಕಡೆಯ ಕಥೆ. ಜೆ.ಸಿ. ರಸ್ತೆಯಿಂದ ಹಿಡಿದು ಬಡಾವಣೆಯ ಮೂಲೆಯ ಆಕ್ಸೆಸರಿ ಅಂಗಡಿಯವರೆಗೆ ಡಬ್ಬಿಗಳ ಮೇಲೆ 120 ವಾಟ್, 200 ವಾಟ್ ಅಂತ ಬೆಂಕಿ ಕಾರುವ ಅಕ್ಷರ. ಒಳಗಿನ ದೀಪ ಮೀಟರಿಗೆ ಹಾಕಿ ನೋಡಿದರೆ ಎಳೆಯುವುದು ಇಪ್ಪತ್ತೋ ಮೂವತ್ತೋ. ನಿಜವಾಗಿ ನೂರಿಪ್ಪತ್ತು ಎಳೆದರೆ ಹತ್ತು ಆಂಪಿಯರ್ ಬೇಕು. ಅಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟು ಶಾಖ ತಡೆಯುವುದೂ ಕಷ್ಟ. ಒಂದು ಲೆಕ್ಕದಲ್ಲಿ ಈ ಸುಳ್ಳೇ ಎಷ್ಟೋ ಬ್ಯಾಟರಿಗಳನ್ನು ಕಾಪಾಡಿದೆ! ಆದರೆ ಸುಳ್ಳು ನಂಬಿ ಲೆಕ್ಕ ಹಾಕುವುದು ಹೇಗೆ? ದೀಪ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಮಲ್ಟಿಮೀಟರ್ ಹಿಡಿದು ತೋರಿಸು ಅಂದರೆ ಅಂಗಡಿಯವನು ಗಿರಾಕಿಯ ಮುಖ ನೋಡುತ್ತಾನೆ.

ಜೋಡಿಸುವ ರೀತಿ ಅದಕ್ಕಿಂತ ಚೆಂದ. ಹೆಡ್‌ಲೈಟಿನ ಹಿಂದಿನ ವೈರನ್ನು ಬ್ಲೇಡಿನಿಂದ ಕೆರೆದು, ಹೊಸ ವೈರು ಸುತ್ತಿ, ಕಪ್ಪು ಟೇಪು ಎಳೆದರೆ ಮುಗಿಯಿತು. ಇಪ್ಪತ್ತು ನಿಮಿಷದ ಕೆಲಸ. ಕಂಪನಿಯವರು ಒಂದು ಬಲ್ಬಿಗೆ ಅಂತ ಲೆಕ್ಕ ಹಾಕಿ ಕೊಟ್ಟ ತೆಳು ವೈರು, ಅದೇ ಪುಟ್ಟ ಸ್ವಿಚ್ಚು, ಮೂರು ದೀಪದ ಕರೆಂಟು ಹೊರಬೇಕು. ಮಳೆ ಬಂದರೆ ಟೇಪಿನೊಳಗೆ ನೀರು, ಬಿಸಿಲು ಬಂದರೆ ಟೇಪಿನ ಅಂಟೇ ನೀರು. ಹ್ಯಾಂಡಲ್ ತಿರುಗಿದಾಗಲೆಲ್ಲ ಕೆರೆದ ಜಾಗ ಚಾಸಿಗೆ ಉಜ್ಜುತ್ತದೆ. ಫ್ಯೂಸ್ ಇಲ್ಲದ ವೈರು ಒಮ್ಮೆ ಬಾಡಿಗೆ ತಾಗಿದರೆ, ಬೆಂಕಿಗೂ ಅದಕ್ಕೂ ಒಂದೇ ಹೆಜ್ಜೆ. ಮೇಲೆ ಕೂತಿರುವುದು ಪೆಟ್ರೋಲ್ ಟ್ಯಾಂಕು. ಇಷ್ಟಾದ ಮೇಲೆ ಶೋರೂಮಿಗೆ ಹೋದರೆ "ವೈರಿಂಗ್ ಕಟ್ ಆಗಿದೆ, ವಾರಂಟಿ ಬರಲ್ಲ" ಅನ್ನುತ್ತಾರೆ. ಅವರನ್ನು ದೂರಲಾಗದು.

ಸರಿಯಾದ ಕೆಲಸ ಬ್ರಹ್ಮವಿದ್ಯೆಯಲ್ಲ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ದಪ್ಪ ವೈರು. ಬ್ಯಾಟರಿಯಿಂದ ಗೇಣು ದೂರದೊಳಗೆ ಫ್ಯೂಸು. 40 ವಾಟಿನ ಜೋಡಿಗೆ ಮೂರೂವರೆ ಆಂಪಿಯರ್ ಓಡುತ್ತದೆ, ಐದರ ಫ್ಯೂಸ್ ಸಾಕು. ಆಮೇಲೆ ರಿಲೇ. ರಿಲೇ ಅಂದರೆ ಗೇಟಿನ ವಾಚ್‌ಮನ್ ಇದ್ದ ಹಾಗೆ: ಸ್ವಿಚ್ಚಿನ ಸಣ್ಣ ವೈರು ಅವನಿಗೆ ಸನ್ನೆ ಮಾಡುತ್ತದೆ, ದೊಡ್ಡ ಗೇಟು ತೆಗೆಯುವವನು ಅವನು. ಆ ಸನ್ನೆಯ ವೈರನ್ನು ಕೀಲಿಯ ಹಿಂದಿನ ಲೈನಿನಿಂದ ತೆಗೆದುಕೊಂಡರೆ, ಕೀಲಿ ಆರಿಸಿದ ಕ್ಷಣ ದೀಪವೂ ಆರುತ್ತದೆ. ಸಾರಕ್ಕಿಯ ಹುಡುಗನ ಗಾಡಿಯಲ್ಲಿ ಇದೊಂದು ಇದ್ದಿದ್ದರೆ ಅವತ್ತು ತಳ್ಳುವ ಕೆಲಸ ಇರುತ್ತಿರಲಿಲ್ಲ. ರಿಲೇ, ಫ್ಯೂಸು, ವೈರು ಎಲ್ಲ ಸೇರಿಸಿದರೂ ಖರ್ಚು ದೀಪದ ಬೆಲೆಗಿಂತ ಕಡಿಮೆ.

ದೀಪ ಹಾಕಿದ ಮೇಲೆ ಪರೀಕ್ಷೆಯೂ ಸುಲಭ. ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಬೇಕು. ಗಾಡಿ ಆಫ್ ಇದ್ದಾಗ ಒಳ್ಳೆ ಬ್ಯಾಟರಿ ಹನ್ನೆರಡೂವರೆ ಚಿಲ್ಲರೆ ತೋರಿಸುತ್ತದೆ. ಇಂಜಿನ್ ಮೂರು ಸಾವಿರ ಸುತ್ತಿನಲ್ಲಿ ಓಡುತ್ತಿರಲು, ಎಲ್ಲ ದೀಪ ಹತ್ತಿಸಿ, ಬ್ರೇಕೂ ಹಿಡಿದಾಗ ಹದಿಮೂರಕ್ಕಿಂತ ಚೆನ್ನಾಗಿ ಮೇಲಿದ್ದರೆ ಸಂಸಾರ ಸುಖವಾಗಿದೆ. ಹನ್ನೆರಡೂವರೆಗೆ ಕುಸಿದರೆ ಸಂಪು ಖಾಲಿಯಾಗುತ್ತಿದೆ ಅಂತಲೇ ಅರ್ಥ. ಕೆಲವು ನೂರು ರೂಪಾಯಿಗೆ ಹ್ಯಾಂಡಲ್‌ಬಾರಿಗೆ ಹಾಕುವ ವೋಲ್ಟ್ ಮೀಟರ್ ಸಿಗುತ್ತದೆ. ಜೋಡಿ ದೀಪಕ್ಕೆ ಸಾವಿರಾರು ಸುರಿಯುವವನು ಬುಲೆಟ್ಟಿನ ಹಳೆಯ ಮುಳ್ಳನ್ನು ಇಷ್ಟು ಅಗ್ಗಕ್ಕೆ ಮರಳಿ ಪಡೆಯಬಹುದು.

ಎದುರಿನವನ ಕಣ್ಣು

ಬ್ಯಾಟರಿ ಸತ್ತರೆ ನಷ್ಟ ಒಬ್ಬನಿಗೆ. ಕಣ್ಣಿಗೆ ಬೆಳಕು ಹೊಡೆದರೆ ನಷ್ಟ ಎದುರಿನವನಿಗೆ. ಜಯನಗರ ಹಿರಿಯರ ಬಡಾವಣೆ. ಪೊರೆ ಬಂದ ಕಣ್ಣಿಗೆ ಬಿಳಿ ಬೆಳಕು ಬಿದ್ದರೆ ಒಳಗೆಲ್ಲ ಚದುರಿ ಮಂಜು ಕವಿದ ಹಾಗಾಗುತ್ತದೆ. ವಯಸ್ಸಾದ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸ್ಕೂಟರು ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಮೂರು ಸೆಕೆಂಡು ಕಣ್ಣು ಕತ್ತಲಾದರೆ 33 ಮೀಟರ್ ಕುರುಡು ಸವಾರಿ. ಅಷ್ಟರಲ್ಲಿ ರಸ್ತೆ ದಾಟುವ ಅಜ್ಜಿ ಇರಬಹುದು, ಅಡ್ಡ ಬರುವ ನಾಯಿ ಇರಬಹುದು, ಮೇಲೆ ಹೇಳಿದ ಗುಂಡಿಯೂ ಇರಬಹುದು. ಗುಂಡಿ ಕಾಣಲಿ ಅಂತ ಹಾಕಿದ ದೀಪ ಇನ್ನೊಬ್ಬನನ್ನು ಅದೇ ಗುಂಡಿಗೆ ಬೀಳಿಸಿದರೆ ಇದಕ್ಕಿಂತ ವಿಪರೀತ ಇನ್ನೇನಿದೆ?

ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬು ಕಿತ್ತು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬು ತುರುಕುವವರದು ಇನ್ನೊಂದು ಜಾತಿ. ವಾಟ್ ಉಳಿಯುತ್ತದೆ, ನಿಜ. ಆದರೆ ಆ ಬಟ್ಟಲಿನ ಕನ್ನಡಿ ಹ್ಯಾಲೊಜನ್ ತಂತಿಯ ಜಾಗಕ್ಕೆ ಅಂತ ಅಳತೆ ಹಾಕಿ ಮಾಡಿದ್ದು. ಅದರಲ್ಲಿ ಹೊಂದದ ಎಲ್‌ಇಡಿ ಕೂತರೆ ಬೆಳಕು ರಸ್ತೆಗಿಂತ ಹೆಚ್ಚಾಗಿ ಮರದ ಕೊಂಬೆಗೂ ಎದುರಿನವರ ಮುಖಕ್ಕೂ ಹೋಗುತ್ತದೆ. ಹಿಂದೆ 55 ವಾಟಿನ ಜಾಗಕ್ಕೆ 90, 100 ವಾಟಿನ ಬಲ್ಬು ಹಾಕಿ ಹೋಲ್ಡರ್ ಕರಗಿಸಿಕೊಳ್ಳುತ್ತಿದ್ದ ಶೂರರೂ ಇದ್ದರು.

ಸರ್ಕಾರ ಕಣ್ಣುಮುಚ್ಚಿ ಕೂತಿಲ್ಲ. 2024ರ ಜುಲೈ 1ರಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆ ಶುರು ಮಾಡಿದರು. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ. ಗಾಡಿಯನ್ನು ಕಂಪನಿಯ ನಮೂನೆಯಿಂದ ಬದಲಾಯಿಸುವಂತಿಲ್ಲ ಅಂತ 52ನೇ ಕಲಂ ಇದೆ. ಅದನ್ನೇ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಎದುರಿನವರ ಕಣ್ಣಿಗೆ ಹೊಡೆಯದಂತೆ ಬೆಳಕು ಕೆಳಮುಖವಾಗಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಲ್ಲೇ ಇದೆ.

ಕಾನೂನಿಗೆ ಕೊರತೆಯಿಲ್ಲ, ಕಾನೂನು ಹಿಡಿಯುವ ಜಾಗ ಮಾತ್ರ ತಪ್ಪು. ರಸ್ತೆಬದಿ ನಿಂತು ದೀಪ ಎಷ್ಟಿವೆ ಅಂತ ಎಣಿಸಿದರೆ ನೆಲಕ್ಕೆ ಬೆಳಕು ಬಿಟ್ಟುಕೊಂಡು ಮೆಲ್ಲಗೆ ಹೋಗುವ ಡೆಲಿವರಿ ಹುಡುಗ ಸಿಕ್ಕಿಬೀಳುತ್ತಾನೆ. ಒಂದೇ ಹೆಡ್‌ಲೈಟನ್ನು ಹೈ ಬೀಮಿನಲ್ಲಿಟ್ಟು ಜಯನಗರ ನಾಲ್ಕನೇ ಬ್ಲಾಕಿನ ಬೆಳಗುವ ಬೀದಿಯಲ್ಲಿ ಹೋಗುವ ದೊಡ್ಡ ಕಾರಿನ ಸಾಹೇಬರು ನಗುತ್ತ ದಾಟಿಹೋಗುತ್ತಾರೆ. ನೋಡಬೇಕಾದ್ದು ಬೆಳಕು ಎಲ್ಲಿ ಬೀಳುತ್ತದೆ ಅನ್ನುವುದನ್ನು. ಇದಕ್ಕೆ ಒಂದು ಗೋಡೆ, ಒಂದು ಗೀಟು ಸಾಕು.

ಇದಕ್ಕಿಂತ ದೊಡ್ಡ ಪಾಲು ಗಾಡಿ ಕಂಪನಿಗಳದ್ದು. ಕಂಪನಿಯ ಹೆಸರಿನಲ್ಲೇ ಶೋರೂಮಿನಲ್ಲಿ ಫಾಗ್ ಲೈಟ್ ಮಾರುತ್ತಾರೆ, ಬಿಲ್ಲು ಕೊಡುತ್ತಾರೆ. ಹೊರಗೆ ಹಾಕಿಸಿದರೆ ವಾರಂಟಿ ಇಲ್ಲ ಅನ್ನುತ್ತಾರೆ. ಇರಲಿ, ವ್ಯಾಪಾರ. ಆದರೆ ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ಗಾಡಿಯ ಮೇಲೇ ಚೀಟಿ ಅಂಟಿಸುವವರಿಗೆ ಇನ್ನೊಂದು ಸಾಲು ಬರೆಯಲು ಏನು ಕಷ್ಟ? "ಈ ಗಾಡಿಯಲ್ಲಿ ಎಲ್ಲ ಖರ್ಚು ಕಳೆದು, ಓಡುವಾಗ ಇಷ್ಟು ವಾಟ್, ಸ್ಲೋನಲ್ಲಿ ಇಷ್ಟು ವಾಟ್ ಮಿಗುತ್ತದೆ" ಅಂತ ಒಂದೇ ಸಾಲು. ಕೆಲವು ಕೈಪಿಡಿಗಳಲ್ಲಿ ಮ್ಯಾಗ್ನೆಟೋದ ಒಟ್ಟು ವಾಟ್ ಬರೆದಿರುತ್ತದೆ. ಸಂಬಳ ಎಷ್ಟು ಅಂತ ಹೇಳಿ ಸಾಲ ಎಷ್ಟು ಅಂತ ಮುಚ್ಚಿಟ್ಟ ವರನ ಜಾತಕ ಅದು. ಮಿಗುವುದು ಸೊನ್ನೆಯಾದರೆ ಸೊನ್ನೆ ಅಂತಲೇ ಬರೆಯಲಿ. ಆಗ ಸವಾರ ದೀಪ ಬಿಟ್ಟು ಒಂದು ಒಳ್ಳೆ ರೇಡಿಯಂ ಜಾಕೆಟ್ ಕೊಳ್ಳುತ್ತಾನೆ, ಇಲ್ಲ ಬೇರೆ ಗಾಡಿ ಕೊಳ್ಳುತ್ತಾನೆ. ಬಹುಶಃ ಆ ಎರಡನೆಯದರ ಭಯಕ್ಕೇ ಬರೆಯುವುದಿಲ್ಲವೋ ಏನೋ.

ಅಲ್ಲಿಯವರೆಗೆ ಗ್ಯಾರೇಜಿನವರೇ ಗತಿ. ಜೆ.ಪಿ. ನಗರದ ಒಳರಸ್ತೆಯೊಂದರಲ್ಲಿ ಒಂದು ಸಣ್ಣ ಗ್ಯಾರೇಜಿದೆ. ದೀಪ ಹಾಕಿಸಲು ಬಂದವರ ಬ್ಯಾಟರಿಗೆ ಅಲ್ಲಿನ ಮೇಸ್ತ್ರಿ ಮೊದಲು ಮೀಟರ್ ಹಿಡಿಯುತ್ತಾರೆ. "ನಿನ್ ಗಾಡಿಗೆ ಎರಡು ಆಗಲ್ಲ ಮರೀ, ಒಂದೇ ಹಾಕ್ತೀನಿ, ಹಳದಿದು" ಅಂದು ಗಿರಾಕಿಯನ್ನು ಅರ್ಧ ವ್ಯಾಪಾರಕ್ಕೆ ಇಳಿಸಿ ಕಳಿಸಿದ್ದೂ ಉಂಟು. ಮಳೆಯಲ್ಲಿ ಹಳದಿ ಬೆಳಕು ಕಣ್ಣಿಗೆ ಹಿತ ಅನ್ನುವುದು ಅವರ ವಾದ. ಕೆಲಸ ಮುಗಿದ ಮೇಲೆ ಗಾಡಿಯ ಮೇಲೆ ಹುಡುಗನನ್ನು ಕೂರಿಸಿ, ಎದುರು ಮನೆಯ ಕಾಂಪೌಂಡ್ ಗೋಡೆಯಿಂದ ಇಪ್ಪತ್ತೈದು ಅಡಿ ಹಿಂದಕ್ಕೆ ನಿಲ್ಲಿಸುತ್ತಾರೆ. ಗೋಡೆಯ ಮೇಲೆ, ದೀಪದ ಎತ್ತರಕ್ಕೆ ಸೀಮೆಸುಣ್ಣದ ಒಂದು ಗೀಟು. ಬೆಳಕಿನ ತಲೆ ಗೀಟು ದಾಟಿದರೆ ಸ್ಪ್ಯಾನರ್ ಮತ್ತೆ ಕೈಗೆ ಬರುತ್ತದೆ.

ಗೋಡೆಯ ಯಜಮಾನರು ಮೊದಮೊದಲು ಜಗಳಕ್ಕೆ ಬಂದಿದ್ದರಂತೆ. ಈಗ ದೀಪಾವಳಿಗೆ ಸುಣ್ಣ ಬಳಿಸುವಾಗ ಆ ಗೀಟನ್ನು ಬಿಟ್ಟು ಬಳಿಯಿರಿ ಅನ್ನುತ್ತಾರೆ. ಅವರಿಗೂ ಒಂದು ಹಳೆಯ ಸ್ಕೂಟರಿದೆ, ರಾತ್ರಿ ಎಂಟರ ಮೇಲೆ ಸಾರಕ್ಕಿ ಸಿಗ್ನಲ್ ದಾಟಿಕೊಂಡೇ ಮನೆಗೆ ಬರಬೇಕು.